ಬಾಗಿಲಲ್ಲೇ ನಿಂತ ಶರಣರು

ನಾನು ಕೊಟ್ಟೂರಿನ ಬಸ್ ನಿಲ್ದಾಣದ ಹಿಂದೆ ಕೂತು ಒಮ್ಮೆ ಸೀನಿದರೆ ಜರ್ಮನಿಯಲ್ಲಿ ಸಾವಿರಾರು ಕಂಪ್ಯೂಟರುಗಳ ವಿಂಡೋಗಳು ಪಟಪಟನೆ ಮುಚ್ಚಿಕೊಳ್ಳುತ್ತವೆ. ನಾನು ಮೂಗು ಒರೆಸಿಕೊಂಡ ಮೇಲೆಯೇ ಅವು ಮತ್ತೆ ತೆರೆಯುವುದು. ನಂಬದವರು ಕೂಡ್ಲಿಗಿಯಲ್ಲಿ ಕೇಳಿ, ಹಡಗಲಿಯಲ್ಲಿ ಕೇಳಿ. ಹರಪನಹಳ್ಳಿಯಲ್ಲಿ ಮಾತ್ರ ಕೇಳಬೇಡಿ, ಅಲ್ಲಿಂದ ರಿಪೇರಿಗೆ ತಂದ ಪ್ರಿಂಟರನ್ನು ನಾನಿನ್ನೂ ವಾಪಸು ಕೊಟ್ಟಿಲ್ಲ.

ನನ್ನ ಹೆಸರು ಅರುಣಕುಮಾರ್. ಅಂಗಡಿಯ ಬೋರ್ಡಿನ ಮೇಲೆ ‘ಕಂಪ್ಯೂಟರ್ ರಿಪೇರಿ, ಝೆರಾಕ್ಸ್, ಲ್ಯಾಮಿನೇಷನ್’ ಎಂದಷ್ಟೇ ಬರೆಸಿದ್ದೇನೆ. ದೊಡ್ಡವರಿಗೆ ವಿನಯ ಇರಬೇಕು. ನಿಜವಾದ ಕೆಲಸ ಬೇರೆ. ಪರದೆಯ ಮೇಲೆ ವಿಂಡೋ ತೆರೆಯಬೇಕೆನ್ನುವ ಪ್ರೋಗ್ರಾಮು ಆ ಕೆಲಸವನ್ನು ತಾನೇ ಮಾಡಿಕೊಳ್ಳುವುದಿಲ್ಲ. ಯಾರೋ ಬರೆದಿಟ್ಟ ಸಿದ್ಧ ಕೋಡಿನ ಕಂತೆಯನ್ನು ಕರೆದು ‘ನೀನೇ ಮಾಡಪ್ಪಾ’ ಅನ್ನುತ್ತದೆ. ಆ ಕಂತೆಗೆ ಲೈಬ್ರರಿ ಅನ್ನುತ್ತಾರೆ. ಅಂಥದ್ದೊಂದು ಲೈಬ್ರರಿಯನ್ನು ನಾನೊಬ್ಬನೇ, ಒಂದು ಕೈಯಲ್ಲಿ ಮಿರ್ಚಿ ಹಿಡಿದುಕೊಂಡು, ಇನ್ನೊಂದು ಕೈಯಲ್ಲಿ ಪೂರ್ತಿ ಬಿಚ್ಚಿ ಮತ್ತೆ ಜೋಡಿಸಿದೆ. ಪಕ್ಕದಲ್ಲಿ ಕೀರ್ತನಾ ಎಂಬ ಹುಡುಗಿಯೂ ಇದ್ದಳು ಅನ್ನಿ. ಅಷ್ಟಿಷ್ಟು ಟೈಪು ಮಾಡಿಕೊಡುತ್ತಿದ್ದಳು.

ಬಿಚ್ಚಬೇಕಾಗಿ ಬಂದದ್ದು ನನ್ನ ದೊಡ್ಡವ್ವ ಶಿವಬಸಮ್ಮನಿಗಾಗಿ. ನಮ್ಮ ಓಣಿಯ ಮಠದಲ್ಲಿ ಶ್ರಾವಣ ಪೂರ್ತಿ ಮಧ್ಯಾಹ್ನ ಶರಣರ ಪುರಾಣ ನಡೆಯುತ್ತದೆ. ದೊಡ್ಡವ್ವ ಪದ್ಯ ಓದುತ್ತಾಳೆ, ಮಂಜಣ್ಣ ಮಾಸ್ತರು ಅರ್ಥ ಹೇಳುತ್ತಾರೆ. ದೊಡ್ಡವ್ವ ದನಿ ಎತ್ತಿದಳೆಂದರೆ ಹಗರಿಬೊಮ್ಮನಹಳ್ಳಿಯ ಸಂತೆಯಲ್ಲಿ ಈರುಳ್ಳಿ ತೂಗುವವನ ತಕ್ಕಡಿ ಅಲ್ಲಾಡುವುದು ನಿಲ್ಲುತ್ತದೆ. ಇಡೀ ಪುರಾಣ ಅವಳಿಗೆ ಬಾಯಿಗೆ ಬರುತ್ತದೆ. ಆದರೆ ಬಾಯಿಪಾಠ ಒಪ್ಪಿಸುವಂತಿಲ್ಲ. ಗದ್ದುಗೆಯ ಮುಂದೆ ಕೂತವರು ಪುಟದ ಮೇಲೆ ಕಣ್ಣಿಟ್ಟೇ ಓದಬೇಕು. ಮಠದಲ್ಲಿ ಅದು ರೂಢಿ, ದೊಡ್ಡವ್ವನಲ್ಲಿ ಅದು ಹಟ.

“ಬಾಯಿಂದ ಹೇಳಿದ್ರ ನನ್ನ ಮಾತು ಆಗ್ತೈತಿ,” ಅನ್ನುತ್ತಿದ್ದಳು. “ನೋಡಿ ಓದಿದ್ರ ಪುರಾಣ.”

ಆ ನೋಡುವ ಕಣ್ಣೇ ಹೋಗತೊಡಗಿತ್ತು. ನಟ್ಟನಡುವೆ ಬೂದಿ ಬಳಿದಂತಾಗಿ, ಎಡಗಡೆಯ ಅಂಚಿನಲ್ಲಿ ಮಾತ್ರ ಒಂದಿಷ್ಟು ಕಾಣುತ್ತಿತ್ತು. ಇರುವುದನ್ನು ಬಳಸಿಕೊಳ್ಳಿ, ಹೋದದ್ದು ಬರುವುದಿಲ್ಲ ಎಂದು ಹೊಸಪೇಟೆಯ ಡಾಕ್ಟರು ಹೇಳಿ ಕಳಿಸಿದರು. ಮಠದ ಹಿರಿಯರು ಸ್ಪೀಕರಿನಲ್ಲಿ ರೆಕಾರ್ಡು ಹಾಕೋಣ ಅಂದರು. “ನಾನು ಕುಂತಿರೂತನಕ ಆ ಡಬ್ಬಿ ಬಾಯಿ ತಗೀಬಾರದು,” ಅಂದಳು ದೊಡ್ಡವ್ವ.

ಆಗ ಅವಳಿಗೊಂದು ಓದುವ ಪ್ರೋಗ್ರಾಮು ಹುಟ್ಟಿತು. ಹುಟ್ಟಿಸಿದವನು ನಾನೇ, ಬರೆದವಳು ಕೀರ್ತನಾ. ತಂಬ್ರಹಳ್ಳಿಯ ಕುರಿಗಾರರ ಮನೆಯವಳು, ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುತ್ತಾಳೆ. ಕಂಪ್ಯೂಟರನ್ನು ಮಠದ ದೊಡ್ಡ ಟಿವಿಗೆ ಜೋಡಿಸಿದರೆ ಪುರಾಣದ ನಾಲ್ಕೈದು ಶಬ್ದ ಮಾತ್ರ, ಎಮ್ಮೆಯಷ್ಟು ದೊಡ್ಡದಾಗಿ, ದೊಡ್ಡವ್ವನ ಕಣ್ಣಿಗೆ ಆ ದಿನ ಎಲ್ಲಿ ಬೆಳಕಿದೆಯೋ ಅಲ್ಲಿಗೇ ಸರಿದು ನಿಲ್ಲುತ್ತಿದ್ದವು. ತೊಡೆಯ ಮೇಲಿನ ಕೀಬೋರ್ಡಿನ ಉದ್ದನೆಯ ಕೀಲಿ ಒತ್ತಿದರೆ ಮುಂದಿನ ಶಬ್ದಗಳು. ಹೋದ ಶ್ರಾವಣ ಪೂರ್ತಿ ಹೀಗೆಯೇ ಓದಿದಳು. ಕೇಳುವುದಕ್ಕೆ ಮಾಗಳದಿಂದ ಹೊಳೆ ನೀರೇ ಎದ್ದು ಬಂದಿತ್ತು ಅಂದರೆ ನೀವು ನಂಬಲಿಕ್ಕಿಲ್ಲ, ಬಿಡಿ.

ಈ ವರ್ಷ ಆ ಹಳೆಯ ಕಂಪ್ಯೂಟರು ಸತ್ತಿತು. ನಾನು ಹೊಸದು ತಂದು ಹಾಕಿದೆ. ಅದರಲ್ಲಿ ಪರದೆಯನ್ನು ಆಳುವ ವ್ಯವಸ್ಥೆಯೇ ಬೇರೆ. ಓದುವ ಪ್ರೋಗ್ರಾಮು ಶುರು ಮಾಡಿದರೆ ಟಿವಿಯ ಮೂಲೆಯಲ್ಲಿ ಗೇಣಗಲದ ವಿಂಡೋ ತೆರೆಯಿತು. ಅದರೊಳಗೆ ಅದೇ ಎಮ್ಮೆಯಂಥ ಅಕ್ಷರ. ಕಂಡದ್ದು ಅಕ್ಷರದ ಒಂದು ಡೊಂಕು ಮಾತ್ರ.

“ಏನ್ಲೇ ಅರುಣ ಇದು? ಶರಣರ ಮೊಣಕಾಲೇನು?” ಅಂದಳು ದೊಡ್ಡವ್ವ.

“ಊಟ ಮಾಡಿ ಬರೂದ್ರಾಗ ಸರಿ ಮಾಡ್ತೀನಿ,” ಅಂದೆ. ಆಗಿನ್ನೂ ಬೇಸಿಗೆ.

ಕೀರ್ತನಾ ಅಂಗಡಿಗೆ ಬಂದು ಕೂತು ಕೋಡು ಓದಿದಳು. ಓದಿ, ಕನ್ನಡಕ ತೆಗೆದು ಸೆರಗಿಗೆ ಒರೆಸಿಕೊಂಡಳು. “ಅರುಣಣ್ಣ, ತಪ್ಪು ನಮ್ಮ ಪ್ರೋಗ್ರಾಮಿಂದಲ್ಲ, ಲೈಬ್ರರೀದು. ‘ಪರದಿ ತುಂಬ ಆಗ್ಲೇನು’ ಅಂತ ಅದು ವ್ಯವಸ್ಥೀನ ಕೇಳ್ತೈತಿ. ಕೇಳಿದ ಕೂಡ್ಲೇ ‘ಆದೆ’ ಅಂತ ತಿಳ್ಕಂಬಿಡ್ತೈತಿ. ಹಳೇ ವ್ಯವಸ್ಥಿ ನಡೀಲಿ ಬಿಡು ಅಂತಿತ್ತು. ಹೊಸಾದು ಬಿಡಂಗಿಲ್ಲ.”

“ಮತ್ತ ಹೆಂಗ ಮಾಡ್ಬೇಕಂತ ಅದಕ್ಕ?”

“ಗುಡ್ಯಾಗ ಹೂ ಕೇಳಿದಂಗ. ಕೇಳಬೇಕು, ಕೇಳಿ ಸುಮ್ಮನ ಕುಂದರಬೇಕು. ಹೂ ಬಿತ್ತೋ, ಕಣ್ಣಿಗೆ ಒತ್ಗಂಡು ‘ಸಿಕ್ತು’ ಅಂತ ಹೇಳಿ, ಆಮ್ಯಾಲ ಮುಂದಿನ ಕೆಲಸ. ಈ ಲೈಬ್ರರಿ ಹೂ ಬೀಳೂಕಿಂತ ಮೊದ್ಲೇ ಲಗ್ನಪತ್ರಿಕಿ ಹಂಚೈತಿ.”

“ಹಂಗಾರ ನನ್ನ ಜಾತೀದೇ ಬಿಡು,” ಎಂದು ನಕ್ಕೆ. ಅವಳು ನಗಲಿಲ್ಲ.

ಅಲ್ಲಿಂದ ಶುರುವಾಯಿತು ಬಿಚ್ಚಾಟ. ವಿಂಡೋದ ಸ್ಥಿತಿಯನ್ನು ಆ ಲೈಬ್ರರಿ ಒಂದೇ ಗೂಡಿನಲ್ಲಿ ಇಟ್ಟುಕೊಂಡಿತ್ತು: ಚಿಕ್ಕದೋ, ದೊಡ್ಡದೋ, ಪರದೆ ತುಂಬಿದ್ದೋ, ಅಡಗಿದ್ದೋ, ಯಾವುದಾದರೂ ಒಂದು. ಕೀರ್ತನಾ ಅದನ್ನು ಒಡೆದು, ನಾವು ಕೇಳಿದ್ದಕ್ಕೆ ಒಂದು ಗೂಡು, ವ್ಯವಸ್ಥೆ ನಿಜವಾಗಿ ಕೊಟ್ಟಿದ್ದಕ್ಕೆ ಇನ್ನೊಂದು ಗೂಡು ಮಾಡಿದಳು. ಕೊಟ್ಟ ಸುದ್ದಿ ಬಂದು, ಅದನ್ನು ಒಪ್ಪಿಕೊಂಡ ಮೇಲೆಯೇ ಅಕ್ಷರ ಬಿಡಿಸಬೇಕು. ಹೇಳುವುದಕ್ಕೆ ಇಷ್ಟೇ. ಆದರೆ ಲೈಬ್ರರಿಯ ಮೂಲೆಮೂಲೆಯೂ ಆ ಹಳೆಯ ಗೂಡಿಗೆ ಕೈ ಹಾಕಿ ಅಭ್ಯಾಸ ಮಾಡಿಕೊಂಡಿತ್ತು. ಅಳತೆ ಲೆಕ್ಕ ಹಾಕುವ ಭಾಗ ಸರಿಹೋದರೆ ಅಕ್ಷರ ಬಿಡಿಸುವ ಭಾಗ ಕೈಕೊಟ್ಟಿತು. ಅದನ್ನು ಸರಿಮಾಡಿದರೆ, ‘ಅಳತೆ ನೀನೇ ನೋಡಿಕೋ’ ಎಂದು ವ್ಯವಸ್ಥೆ ಕಳಿಸುವ ಸೊನ್ನೆಯನ್ನೇ ಅಳತೆ ಎಂದುಕೊಂಡು ವಿಂಡೋ ಸೊನ್ನೆಯಾಗಿಬಿಟ್ಟಿತು. ಅದೂ ಮುಗಿಯಿತು ಅನ್ನುವಾಗ ಕರೆಂಟು ಹೋಗಿ ಟಿವಿ ಆರಿ ಹತ್ತಿದರೆ, ಯಾವ ಪರದೆಯ ಮೇಲೆ ಇದ್ದೆನೆಂಬುದೇ ವಿಂಡೋಗೆ ಮರೆತುಹೋಯಿತು.

“ನಮ್ಮ ಮನ್ಯಾಗ ಕಂಬಳಿ ನೋಡಿಲ್ಲೇನಣ್ಣ,” ಅಂದಳು ಒಂದು ದಿನ. “ಒಂದು ಎಳಿ ಸೆಳದ್ರ ಇನ್ನೊಂದು ಬಾಯಿ ಬಿಡ್ತೈತಿ. ನಾನು ಇದನ್ನ ಹೊಲ್ಯಾಕತ್ತೀನೋ ಹರ್ಯಾಕತ್ತೀನೋ ನನಗ ಗೊತ್ತಾಗವಲ್ದು.”

ನಾನು ಮಾತ್ರ ಊರ ತುಂಬ ಹಬ್ಬಿಸಿದ್ದೆ: ಆಯಿತು, ಕೊನೆಯ ಮೊಳೆ ಹೊಡೆಯುವುದೊಂದು ಬಾಕಿ, ಪರದೇಶದವರು ನನ್ನನ್ನು ವಿಮಾನದಲ್ಲಿ ಕರೆಸಿಕೊಳ್ಳುವವರಿದ್ದಾರೆ.

ಪರದೇಶದವರಿಂದ ಬಂದದ್ದು ಬೇರೆ. ಕೀರ್ತನಾ ತನ್ನ ಬದಲಾವಣೆಗಳನ್ನೆಲ್ಲ ಜರ್ಮನಿಯಲ್ಲಿದ್ದ ಲೈಬ್ರರಿಯ ಮೂಲ ಒಡೆಯರಿಗೆ ಕಳಿಸಿ, ಎಲ್ಲಿ ಎಡವುತ್ತಿದ್ದೇನೆ ತೋರಿಸಿಕೊಡಿ ಎಂದು ಕೇಳಿದ್ದಳು. ಆಷಾಢದಲ್ಲಿ ಉತ್ತರ ಬಂತು. ಕೆಲಸ ಅಚ್ಚುಕಟ್ಟಾಗಿದೆ, ಆದರೆ ಈ ಲೈಬ್ರರಿಯನ್ನು ನೋಡಿಕೊಳ್ಳಲು ಈಗ ಯಾರೂ ಇಲ್ಲ, ಇದನ್ನು ಮುಚ್ಚುತ್ತಿದ್ದೇವೆ, ನಿಮಗೆ ಶುಭವಾಗಲಿ.

ಅವಳು ಲ್ಯಾಪ್‌ಟಾಪು ಮಡಿಚಿದಳು. “ಶ್ರಾವಣಕ್ಕ ಆಗಂಗಿಲ್ಲಣ್ಣ. ಬ್ಯಾರೆ ಲೈಬ್ರರಿ ಹಿಡಿದ್ರ ಮತ್ತ ಮೊದಲಿಂದ ಬರೀಬೇಕು. ನಾನು ಬರಿಯೂದ್ರಾಗ ಅಮ್ಮಾರ ಕಣ್ಣು ಇರ್ತಾವೇನು? ಹೇಳಿಬಿಡ್ರಿ ಅವ್ರಿಗೆ. ಇವತ್ತೇ ಹೇಳ್ರಿ.”

“ಹೇಳ್ತೀನಿ ಬಿಡು.”

“ಖರೇ ಹೇಳ್ರಿ ಮತ್ತ.”

ಅಂದು ಸಂಜೆ ದೊಡ್ಡವ್ವ ಕಟ್ಟೆಯ ಮೇಲೆ ಕೂತು ಅಕ್ಕಿ ಆರಿಸುತ್ತಿದ್ದಳು. ಕಣ್ಣಿನಿಂದಲ್ಲ, ಬೆರಳಿನಿಂದ. “ಏನಾತಪ್ಪಾ?” ಅಂದಳು. ಹೇಳಬೇಕೆಂದೇ ಹೋಗಿದ್ದೆ. ನಾಲಿಗೆಗೆ ರೂಢಿ ಎಂಬುದೊಂದು ಇದೆಯಲ್ಲ.

“ಆತು ದೊಡ್ಡವ್ವ! ಹಿಂದಿನಕಿಂತ ಛಲೋ ಆತು!”

ಅವಳ ಕೈ ಅಕ್ಕಿಯಲ್ಲೇ ನಿಂತಿತು. ಮುಖ ಎತ್ತಿ, ನನ್ನನ್ನು ಕಾಣಲು ಕತ್ತನ್ನು ಸ್ವಲ್ಪ ಬಲಕ್ಕೆ ತಿರುಗಿಸಿ, ಎಡಗಣ್ಣಿನ ಅಂಚಿನಿಂದ ನೋಡಿದಳು. “ನಿನ್ನ ಹೊಟ್ಟಿ ತಣ್ಣಗಿರಲಿ,” ಅಂದಳು.

ಇನ್ನು ಉಳಿದದ್ದು ನನ್ನ ಬುದ್ಧಿವಂತಿಕೆ. ಶ್ರಾವಣದ ಮೊದಲ ಸೋಮವಾರದ ಪದ್ಯ ಯಾವುದೆಂದು ನನಗೆ ಗೊತ್ತಿತ್ತು: ಶರಣರು ಬಾಯಾರಿ ಊರ ಬಾಗಿಲಿಗೆ ಬಂದು ನೀರು ಕೇಳುವುದು. ಆ ಶಬ್ದಗಳನ್ನು ಎಮ್ಮೆಯಷ್ಟು ಮಾಡಿ, ಎಡಗಡೆಗೆ ಸರಿಸಿ, ಒಂದು ಚಿತ್ರವಾಗಿ ಪೆನ್‌ಡ್ರೈವಿಗೆ ಹಾಕಿ ನೇರ ಟಿವಿಗೆ ಚುಚ್ಚಿದೆ. ಕಂಪ್ಯೂಟರೂ ಇಲ್ಲ, ಪ್ರೋಗ್ರಾಮೂ ಇಲ್ಲ. ಕೀಬೋರ್ಡನ್ನು ಮಾತ್ರ ದೊಡ್ಡವ್ವನ ತೊಡೆಯ ಮೇಲಿಟ್ಟು, ವೈರನ್ನು ಮೇಜಿನ ಬಟ್ಟೆಯ ಹಿಂದೆ ಬಿಟ್ಟೆ. ಮೊದಲ ಪದ್ಯಕ್ಕೆ ಚಿತ್ರ ಸಾಕು, ಮುಂದಿನದನ್ನು ಅವಳ ನಾಲಿಗೆ ನೋಡಿಕೊಳ್ಳುತ್ತದೆ. ಇಡೀ ಪುರಾಣ ಬಾಯಿಗೆ ಬರುವವಳು ಎಷ್ಟೊತ್ತು ಪರದೆ ನೋಡಿಯಾಳು? ಈ ಉಪಾಯ ಹೊಳೆದಾಗ ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ಮಠ ತುಂಬಿತ್ತು. ದೊಡ್ಡವ್ವ ಇಳಕಲ್ ಸೀರೆ ಉಟ್ಟು, ವಿಭೂತಿ ಹಚ್ಚಿಕೊಂಡು ಕೂತು, ಕತ್ತು ಹೊರಳಿಸಿ, ದನಿ ಎತ್ತಿದಳು. ಶರಣರು ಊರ ಬಾಗಿಲಿಗೆ ಬಂದರು. ನೀರು ಕೇಳಿದರು. ಮಂಜಣ್ಣ ಮಾಸ್ತರು ಅರ್ಥ ಹೇಳಿದರು. ದೊಡ್ಡವ್ವ ಕೀಲಿ ಒತ್ತಿದಳು. ಪರದೆ ನೋಡಿದಳು. ಕಂಡದ್ದನ್ನು ಓದಿದಳು.

ಶರಣರು ಊರ ಬಾಗಿಲಿಗೆ ಬಂದರು. ನೀರು ಕೇಳಿದರು.

ಹೆಂಗಸರ ನಡುವಿನಿಂದ ಜಂಬಕ್ಕ, ನಮ್ಮ ಓಣಿಯ ಬಾಯಿ, “ಯಾಕ್ರಿ ಶಿವಬಸಮ್ಮಾರ, ಊರಾಗ ನೀರು ಬಿಟ್ಟಿಲ್ಲೇನು?” ಅಂದಳು. ನಗೆ ಎದ್ದಿತು. ಮಾಸ್ತರು ಗಂಟಲು ಸರಿಮಾಡಿಕೊಂಡು ಅದೇ ಅರ್ಥವನ್ನು ಇನ್ನೊಂದು ರೀತಿ ಹೇಳಿದರು.

ದೊಡ್ಡವ್ವ ಮತ್ತೆ ಒತ್ತಿದಳು. ನಾನು ಬಾಗಿಲ ಬಳಿ ನಿಂತು ಮನಸ್ಸಿನಲ್ಲೇ ಬೇಡಿಕೊಳ್ಳುತ್ತಿದ್ದೆ: ಮುಂದಿನದು ನಿನಗೆ ಗೊತ್ತು, ಹೇಳಿಬಿಡು. ಅವಳಿಗೆ ಗೊತ್ತಿತ್ತು. ತುಟಿ ಒಮ್ಮೆ ಆ ಮುಂದಿನ ಪದ್ಯಕ್ಕೆ ತೆರೆದದ್ದನ್ನು ನಾನು ಕಂಡೆ. ಮುಚ್ಚಿಕೊಂಡಳು. ಕಣ್ಣಿಗೆ ಕಂಡದ್ದನ್ನೇ ಓದಿದಳು. ಶರಣರು ಊರ ಬಾಗಿಲಿಗೆ ಬಂದರು. ಈ ಸಲ ದನಿಯಲ್ಲಿ ನೀರಿರಲಿಲ್ಲ. ಯಾರೂ ನಗಲಿಲ್ಲ. ಮಾಸ್ತರಿಗೆ ಹೇಳಲು ಅರ್ಥ ಉಳಿದಿರಲಿಲ್ಲ.

“ಅರುಣ,” ಅಂದಳು. “ಎಲ್ಲಿ ಅದೀ?”

“ಇಲ್ಲೇ ದೊಡ್ಡವ್ವ! ಕರೆಂಟಿಂದು ಏನೋ... ಜರ್ಮನ್ಯಾಗ ಈಗ ಒಂದೀಟು...”

ಅವಳು ಕೀಬೋರ್ಡಿನ ವೈರನ್ನು ಬೆರಳಲ್ಲಿ ಹಿಡಿದು, ಅಕ್ಕಿ ಆರಿಸುವಂತೆಯೇ ಮೆಲ್ಲಗೆ ಸವರುತ್ತ ಹೋದಳು. ಮೇಜಿನ ಬಟ್ಟೆಯ ಹಿಂದಿನಿಂದ ಅದರ ತುದಿ ಅವಳ ಕೈಗೆ ಬಂತು. ಎತ್ತಿ ಹಿಡಿದಳು.

“ಇದು ಎಲ್ಲಿಗಿತ್ತಪ್ಪಾ?”

“ಎಲ್ಲಿಗೂ ಇಲ್ಲ.”

“ಮ್ಯಾಲ ಕಾಣ್ತಿರೂದು?”

“ಬರೇ ಚಿತ್ರ. ಅದು ಮುಂದಕ್ಕ ಹೋಗಂಗಿಲ್ಲ.” ಅಷ್ಟಕ್ಕೆ ನಿಲ್ಲಿಸಬಹುದಿತ್ತು. ಆದರೆ ಬಾಯಿ ಒಮ್ಮೆ ನಿಜದ ಕಡೆಗೆ ತಿರುಗಿದ್ದು ನಿಲ್ಲಲಿಲ್ಲ. “ಆತು ಅಂದೆನಲ್ಲ, ಆಗಿಲ್ಲ. ಕೀರ್ತನಾ ಹಗಲು ರಾತ್ರಿ ಅನ್ನದ ದುಡಿದ್ಲು, ಆಕೀ ಕೈಲೂ ಆಗ್ಲಿಲ್ಲ. ಆ ಲೈಬ್ರರೀನ ಮುಚ್ಚಿಬಿಟ್ರು. ನಿನಗ ಹೇಳು ಅಂತ ಆಷಾಢದಾಗ ಆಕಿ ಹೇಳಿದ್ಲು, ನಾನು ಹೇಳ್ಲಿಲ್ಲ. ಅದರಾಗ ನನ್ನದು ಒಂದು ಅಕ್ಷರನೂ ಇಲ್ಲ ದೊಡ್ಡವ್ವ. ನಾನು ಪಕ್ಕದಾಗ ಕುಂತು ಮಿರ್ಚಿ ತಿಂದೆ. ನಾನು ಸೀನಿದ್ರ ನನ್ನ ಅಂಗಡಿ ಬಾಗಿಲಾನೂ ಅಲ್ಲಾಡಂಗಿಲ್ಲ.”

ಅವಳು ವೈರನ್ನು ಸುತ್ತಿ ಸುತ್ತಿ ಕೀಬೋರ್ಡಿನ ಮೇಲಿಟ್ಟಳು. ಗದ್ದುಗೆಗೆ ಕೈ ಮುಗಿದಳು. ರೆಕಾರ್ಡು ಹಾಕಲು ಗೋಡೆಯ ಮೇಲಿನ ಸ್ಪೀಕರಿನ ಕಡೆಗೆ ಹಿರಿಯರೊಬ್ಬರು ಎದ್ದು ಹೋಗುತ್ತಿದ್ದರು. ಆ ಹೆಜ್ಜೆಯ ಸಪ್ಪಳವನ್ನು ಅವಳು ಕೇಳಿಸಿಕೊಂಡಳು.

“ನಾಳಿ ಆಗ್ತೈತೇನು?” ಅಂದಳು, ನನಗೊಬ್ಬನಿಗೇ ಕೇಳುವಷ್ಟು ಸಣ್ಣಗೆ.

ಇಂಥ ಪ್ರಶ್ನೆಗೆ ನನ್ನ ಬಳಿ ಯಾವತ್ತೂ ಒಂದು ಉತ್ತರ ಸಿದ್ಧವಾಗಿರುತ್ತಿತ್ತು.

“ಇಲ್ಲ ದೊಡ್ಡವ್ವ,” ಅಂದೆ. “ನಾಳೀನೂ ಆಗಂಗಿಲ್ಲ.”