ಕೌದಿಯ ಹೊಟ್ಟೆ

ಕಾಸೀಂಬಿಯ ಎಡಗೈ ಹೆಬ್ಬೆರಳಿನಲ್ಲಿ ಸೂಜಿ ಚುಚ್ಚದ ಜಾಗವೇ ಉಳಿದಿರಲಿಲ್ಲ. ಉಟಗಿಯ ಸುತ್ತಲಿನ ಊರುಗಳಲ್ಲಿ ಮನೆಮನೆಗೆ ಹೋಗಿ, ಹಳೆ ಸೀರೆಗಳಿಂದ ಕೌದಿ ಹೊಲಿದುಕೊಟ್ಟು ಹೊಟ್ಟೆ ಹೊರೆಯುವವಳು. ಅದರಲ್ಲೂ ಇನಾಮದಾರರ ವಾಡೆಯ ಕೌದಿ ಅವಳ ಕಣ್ಣನ್ನೇ ತಿಂದುಹಾಕಿತ್ತು. ಮೂರು ತಿಂಗಳು ಹೊರಗಟ್ಟೆಯ ಮೇಲೆ ಕೂತು, ಇಳಕಲ್ಲ ಸೆರಗು, ಖಣದ ಚೂರುಗಳನ್ನು ಜೋಡಿಸಿ, ಅಂಚಿನಿಂದ ನಡುವಿನವರೆಗೆ ಸುತ್ತು ಸುತ್ತಾಗಿ ಹೊಲಿದಿದ್ದಳು. ಹೊಸ್ತಿಲು ದಾಟುವ ಹಾಗಿರಲಿಲ್ಲ. ನೀರು ಕೇಳಿದರೆ ಬೊಗಸೆಗೆ ಮೇಲಿನಿಂದ ಹೊಯ್ಯುತ್ತಿದ್ದರು. ಕೂಲಿಯೆಂದು ಬಂದದ್ದು ನಾಲ್ಕು ಸೇರು ಹಳೇ ಜೋಳ. ಕೊಡುವ ಹೊತ್ತಿಗೆ ದೊಡ್ಡವರ ಕೈ ಎಷ್ಟು ಬೇಗ ಗಿಡ್ಡವಾಗುತ್ತದೆ ನೋಡಿ.

ಎಪ್ಪತ್ತೊಂದನೇ ಇಸವಿಯಲ್ಲಿ ಪೇಟೆಯ ಹಳೆ ಕಚೇರಿಗೆ ಸುಣ್ಣ ಬಳಿದು ಮ್ಯೂಜಿಯಮ್ ತೆರೆದರು. ಅಂದು ಸಂತೆ. ಕಾಸೀಂಬಿ, ಕುರಿ ಮಾರಲು ಬಂದಿದ್ದ ಗೆಳತಿ ದುಂಡವ್ವನ ಜತೆ ಒಳಗೆ ಹೋದಳು. ಹಿತ್ತಾಳೆ ದೀಪಗಳು, ದಂತದ ಹಿಡಿಯ ಕತ್ತಿಗಳು, ಕಸೂತಿಯ ಪರದೆಗಳು. ಅವುಗಳ ನಡುವೆ ಗೋಡೆಗೆ ತೂಗುಹಾಕಿದ್ದ ಒಂದು ಕೌದಿ. ತನ್ನದೇ ಕೌದಿ. ಕೆಳಗೊಂದು ಮರಾಠಿ ಚೀಟಿ. ಮರಾಠಿ ಶಾಲೆಯಲ್ಲಿ ಮೂರನೇ ಇಯತ್ತೆಯವರೆಗೆ ಕಲಿತಿದ್ದ ದುಂಡವ್ವ ತಡವರಿಸುತ್ತ ಓದಿದಳು. ಇನಾಮದಾರರ ಪತ್ನಿ ಸ್ವಂತ ಕೈಯಿಂದ ಹೊಲಿದು ಕೊಟ್ಟದ್ದು ಎಂದು ಬರೆದಿತ್ತು.

ಇನಾಮದಾರರ ಆ ಹೆಂಡತಿ, ಬಾಯಿಸಾಹೇಬರು, ಅಲ್ಲೇ ಕುರ್ಚಿಯಲ್ಲಿ ಹಾರ ಹಾಕಿಸಿಕೊಂಡು ಕೂತಿದ್ದರು. ಸಾಂಗಲಿಯಿಂದ ಬಂದ ಅತಿಥಿಗಳು ಅವರ ಕೈಗುಣ ಹೊಗಳುತ್ತಿದ್ದರು. ಕಾಸೀಂಬಿಯ ಮೈಯೆಲ್ಲ ಉರಿದುಹೋಯಿತು. ಮ್ಯೂಜಿಯಮ್ಮಿನ ಸಾಹೇಬ ಅಣ್ಣಾರಾಯನ ಮುಂದೆ ನಿಂತು, ಇದು ನಾನು ಹೊಲಿದದ್ದು, ಚೀಟಿಯಲ್ಲಿ ನನ್ನ ಹೆಸರು ಬರೆಯಿರಿ ಎಂದಳು. ಅವನು ನಕ್ಕ. ಕೌದಿಗಳೆಲ್ಲ ಒಂದೇ ಥರ ಇರುತ್ತವೆ, ನೀನೇ ಹೊಲಿದೆ ಅನ್ನಲು ಸಾಕ್ಷಿ ಏನು ಎಂದು ಕೇಳಿದ.

"ಸಾಕ್ಷಿ ಬಾಯಿಸಾಹೇಬ್ರೇ ಹೇಳ್ತಾರ್ರಿ," ಎಂದು ಕಾಸೀಂಬಿ ಕುರ್ಚಿಯತ್ತ ತಿರುಗಿದಳು. "ಬಾಯಿಸಾಹೇಬ್ರ, ಈ ಕೌದಿ ಹೊಟ್ಟ್ಯಾಗ ಏನ ಇಟ್ಟೀರಿ?"

ಬಾಯಿಸಾಹೇಬರು ಹುಬ್ಬು ಗಂಟಿಕ್ಕಿದರು. "ಕೌದಿಗೆಂಥಾ ಹೊಟ್ಟಿ? ಒಳಗ ಹಳೀ ಅರಿವಿ ಇರ್ತಾವ."

ಸಂತೆಗೆ ಬಂದು ಮ್ಯೂಜಿಯಮ್ ನೋಡಲು ಒಳಗೆ ಸೇರಿದ್ದ ಹೆಂಗಸರು ಕಿಸಕ್ಕನೆ ನಕ್ಕರು. ಸೂಜಿ ಹಿಡಿದ ಯಾವ ಹೆಣ್ಣಿಗೂ ಅದು ಗೊತ್ತು. ಕೌದಿಯ ನಟ್ಟನಡುವಿನ ಕೊನೆಯ ತೇಪೆಯನ್ನು ಬರಿದೇ ಮುಚ್ಚುವಂತಿಲ್ಲ. ಹೊದ್ದವರು ಹಸಿದು ಮಲಗಬಾರದೆಂದು ಅದರಡಿ ರೊಟ್ಟಿಯ ಚೂರು ಇಟ್ಟೇ ಹೊಲಿಯಬೇಕು. ಆ ರೊಟ್ಟಿಯನ್ನು ಹೊಲಿಸಿದ ಮನೆಯವರು ಕೊಡಬೇಕು. ವಾಡೆಯವರು ಅದನ್ನೂ ಕೊಟ್ಟಿರಲಿಲ್ಲ. ಕಾಸೀಂಬಿ ತನ್ನ ಬುತ್ತಿಯದನ್ನೇ ಮುರಿದಿಟ್ಟಿದ್ದಳು.

ಅಣ್ಣಾರಾಯನ ಮುಖ ಸಣ್ಣದಾಯಿತು. ಆದರೂ ಬಗ್ಗಲಿಲ್ಲ. ದಫ್ತರದಲ್ಲಿ ಬರೆದಾಗಿದೆ, ಇನ್ನು ಬದಲಿಸಲು ಬರುವುದಿಲ್ಲ ಎಂದ. ಇವಳನ್ನು ಹೊರಗೆ ಹಾಕೆಂದು ಜವಾನನಿಗೆ ಸನ್ನೆ ಮಾಡಿದ. ದುಂಡವ್ವ ಜವಾನನಿಗೆ ಅಡ್ಡ ನಿಂತಳು. ಅವಳ ಬೆನ್ನಿಗೆ ಬಿಳೂರ, ಸೋನ್ಯಾಳದಿಂದ ಸಂತೆಗೆ ಬಂದಿದ್ದ ಹೆಂಗಸರು ಬಂದು ನಿಂತರು. ಅವರನ್ನು ಯಾರೂ ಕರೆದಿರಲಿಲ್ಲ.

ಕಾಸೀಂಬಿ ನಡುವಿನ ತೇಪೆಗೆ ಕೈ ಹಾಕಿದಳು. ದಾರದ ತುದಿ ಎಲ್ಲಿದೆಯೆಂದು ಅವಳ ಬೆರಳಿಗೆ ಗೊತ್ತಿತ್ತು. ಹಲ್ಲಿನಿಂದ ಕಡಿದು ಎಳೆದಳು. ಕಲ್ಲಿನಂತೆ ಒಣಗಿದ ಜೋಳದ ರೊಟ್ಟಿಯ ತುಂಡು ಅಂಗೈಗೆ ಬಿತ್ತು. ಅದನ್ನು ಒಯ್ದು ಅಣ್ಣಾರಾಯನ ಮೇಜಿನ ಮೇಲೆ ಇಟ್ಟಳು.

"ಇದು ನನ್ನ ಮನಿ ರೊಟ್ಟಿರಿ, ಸಾಹೇಬ್ರ. ಇದಕ್ಕೂ ಬಾಯಿಸಾಹೇಬ್ರ ಹೆಸರಿನ ಚೀಟಿ ಹಚ್ಚರಿ."