ಬೀಗರ ತೂಕ

ಹೆಂಡತಿ ತೀರಿಕೊಂಡ ಮೇಲೆ ತಕ್ಕಡಿಯವರಿಗೆ ಉಳಿದ ಕೆಲಸ ಒಂದೇ. ಬೆಳಿಗ್ಗೆ ಆರಕ್ಕೊಮ್ಮೆ, ಸಂಜೆ ಆರಕ್ಕೊಮ್ಮೆ ಹಿಂದಿನ ಕೋಣೆಯ ಫ್ರಿಜ್ಜಿನ ಬಾಗಿಲು ತೆಗೆಯುವುದು, ಸ್ವಲ್ಪ ಹೊತ್ತು ಹಿಡಿದು ನಿಲ್ಲುವುದು, ಮುಚ್ಚುವುದು.

ಆ ಫ್ರಿಜ್ಜಿನಲ್ಲಿ ಹಾಲಿರಲಿಲ್ಲ, ತರಕಾರಿಯಿರಲಿಲ್ಲ. ನಡುವಿನ ತಟ್ಟೆಯ ಮೇಲೆ ಒಂದು ಬೂಟಿನ ಡಬ್ಬಿ, ಪಕ್ಕದಲ್ಲಿ ಒಂದು ಥರ್ಮಾಮೀಟರು. ಡಬ್ಬಿಯ ಮಣ್ಣು ಮತ್ತು ಚೂರು ಕಾಗದದ ಅಡಿಯಲ್ಲಿ, ಕೈಕಾಲು ತಲೆಯನ್ನೆಲ್ಲ ಒಳಗೆಳೆದುಕೊಂಡು ಮಲಗಿದ್ದ ಒಂದು ಆಮೆ. ಚಳಿಗಾಲವನ್ನೆಲ್ಲ ನಿದ್ದೆಯಲ್ಲೇ ಕಳೆಯುವ ಜಾತಿ ಅದು. ಹೊರಗಿನ ಚಳಿಯನ್ನು ನಂಬುವಂತಿಲ್ಲ. ಒಂದು ದಿನ ನೀರು ಹೆಪ್ಪುಗಟ್ಟುವಂತೆ ಕೊರೆಯುತ್ತದೆ, ಮರುದಿನ ಬಿಸಿಲು ಬಿಟ್ಟು ಅರೆನಿದ್ದೆಯಲ್ಲಿ ಎಬ್ಬಿಸಿಬಿಡುತ್ತದೆ. ಫ್ರಿಜ್ಜಾದರೆ ಐದು ಡಿಗ್ರಿ ಎಂದರೆ ಐದೇ. ಒಳಗಿನ ಗಾಳಿ ಹಳಸದಂತೆ ದಿನಕ್ಕೆರಡು ಸಲ ಬಾಗಿಲು ತೆಗೆದರಾಯಿತು, ಭಾನುವಾರಕ್ಕೊಮ್ಮೆ ತೂಗಿದರಾಯಿತು.

ತೂಗುವುದು ಅವರ ಕಸುಬಿಗೆ ಹತ್ತಿರದ ಮಾತು. ನಲವತ್ತು ವರ್ಷ ಅವರು ತಕ್ಕಡಿ ರಿಪೇರಿ ಮಾಡಿಕೊಂಡು ಬಂದವರು. ಸಂತೆಯ ಕಬ್ಬಿಣದ ತಕ್ಕಡಿಯಿಂದ ಔಷಧಿ ಅಂಗಡಿಯ ಗಾಜಿನ ಪೆಟ್ಟಿಗೆಯ ತಕ್ಕಡಿಯವರೆಗೆ ಅವರ ಕೈ ದಾಟದ್ದು ಆ ಬೀದಿಗಳಲ್ಲಿ ಇರಲಿಲ್ಲ. ‘ಮುಳ್ಳು ಒಂದು ಕೂದಲೆಳೆ ಮುಂದೆ ಇಟ್ಟುಕೊಡಿ’ ಎಂದು ಕಣ್ಣು ಮಿಟುಕಿಸಿದ ವ್ಯಾಪಾರಿಗೆ, ‘ಆ ಕೆಲಸಕ್ಕೆ ಬೇರೆಯವರಿದ್ದಾರೆ, ನಾನಿರೋದು ಹಿಂದೆ ತರೋದಕ್ಕೆ’ ಎಂದು ಬಾಗಿಲು ತೋರಿಸಿದವರು.

ಆಮೆಗಳು ಹೆಂಡತಿಯ ಬಾಬತ್ತು. ಜನ ಮಕ್ಕಳಿಗೆಂದು ಅಂಗೈಯಗಲದ ಆಮೆ ಕೊಳ್ಳುತ್ತಾರೆ. ಮಕ್ಕಳಿಗೆ ಮೀಸೆ ಬಂದು ಮನೆ ಬಿಡುವ ಹೊತ್ತಿಗೂ ಆಮೆ ಅದೇ ಮೂಲೆಯಲ್ಲಿ ಅದೇ ಎಲೆ ಜಗಿಯುತ್ತಿರುತ್ತದೆ. ಆಗ ಅದು ಬೇಡವಾಗುತ್ತದೆ. ರಟ್ಟಿನ ಪೆಟ್ಟಿಗೆಗೆ ನಾಲ್ಕು ತೂತು ಹೊಡೆದು ಇವರ ಗೇಟಿನ ಮುಂದಿಟ್ಟು, ಗಂಟೆ ಒತ್ತಿ ಓಡಿಹೋದವರು ಎಷ್ಟೋ ಮಂದಿ. ಆಕೆ ತಂದು ತೊಳೆದು, ಚಿಪ್ಪು ಮೆತ್ತಗಾಗಿದ್ದರೆ ಗಟ್ಟಿ ಮಾಡಿ, ಬೆಳೆದ ಕೊಕ್ಕನ್ನು ಉಜ್ಜಿ, ತಕ್ಕ ಮನೆ ಹುಡುಕಿ ಕೊಡುತ್ತಿದ್ದಳು. ಹೆಣ್ಣು ಕೊಡುವವರೂ ಅಷ್ಟು ವಿಚಾರಿಸುವುದಿಲ್ಲ. ಕೊನೆಯ ಪ್ರಶ್ನೆ ಮಾತ್ರ ಎಲ್ಲರಿಗೂ ಒಂದೇ: “ನಿಮ್ಮ ವಯಸ್ಸೆಷ್ಟು? ನಿಮ್ಮ ನಂತರ ಇದಕ್ಕೆ ಯಾರು?” ಯಾರಾದರೂ ಅದನ್ನೇ ಆಕೆಗೆ ತಿರುಗಿಸಿದರೆ ಕೆಲಸದ ಮೇಜಿನ ಕಡೆ ಗಲ್ಲ ಚಾಚಿ, “ನನ್ನ ನಂತರ ಅವರು” ಎನ್ನುತ್ತಿದ್ದಳು. ಅವರು ಸ್ಪ್ರಿಂಗಿನ ಮೇಲೆ ಬಗ್ಗಿಸಿದ ತಲೆ ಎತ್ತುತ್ತಿರಲಿಲ್ಲ. ತಮಾಷೆ ಎಂದುಕೊಂಡಿದ್ದರು.

ಈ ವರ್ಷ ಮನೆಯಲ್ಲಿದ್ದ ಹನ್ನೆರಡು ಆಮೆಗಳಲ್ಲಿ ಹನ್ನೊಂದು ಚಳಿಗೆ ಮುಂಚೆಯೇ ಬೇರೆ ಮನೆ ಸೇರಿದ್ದವು. ಉಳಿದದ್ದು ಇದೊಂದು. ಬಂದಮೇಲೆ ಹೋಗುವ ಮಾತಿಲ್ಲ, ಕೂತಲ್ಲಿಂದ ಏಳುವುದಿಲ್ಲ, ಎಷ್ಟು ಉಪಚಾರ ಮಾಡಿದರೂ ಮುಖ ಅರಳುವುದಿಲ್ಲವೆಂದು ಆಕೆ ಅದಕ್ಕೆ ‘ಬೀಗರು’ ಎಂದು ಹೆಸರಿಟ್ಟಿದ್ದಳು. ಬಟ್ಟೆ ಹೊಲಿಯುವ ಹೆಂಗಸೊಬ್ಬಳಿಗೆ ಬೀಗರನ್ನು ಕೊಡುವುದೆಂದು ಮಾತಾಗಿತ್ತು. ಚಳಿನಿದ್ದೆ ಮಾಡಿಸುವುದು ಅವಳಿಗೆ ಹೊಸದು. ‘ಈ ಚಳಿ ಇಲ್ಲೇ ಮಲಗಿರಲಿ, ಎದ್ದ ಮೇಲೆ ಬಂದು ಕರಕೊಂಡು ಹೋಗು’ ಎಂದು ಆಕೆ ಕಳಿಸಿದ್ದಳು.

ನಿದ್ದೆಯ ಹತ್ತನೆಯ ವಾರ ಆಕೆಯೇ ಹೋದಳು. ಅಡುಗೆಮನೆಯಲ್ಲಿ ಸೊಪ್ಪು ಹೆಚ್ಚುತ್ತಿದ್ದವಳು ‘ಯಾಕೋ ಒಂದು ಗಳಿಗೆ ಕೂರ್ತೀನಿ’ ಎಂದು ಕೂತಳು, ಅಷ್ಟೇ. ಬಂದವರೆಲ್ಲ ‘ಅತ್ತುಬಿಡಿ, ಹಗುರಾಗ್ತದೆ’ ಎಂದರು. ಅವರಿಗೆ ಅಳು ಬರಲಿಲ್ಲ. ಬೇರೆ ಏನೂ ಬರಲಿಲ್ಲ. ಕಾಲು ಜೋಮು ಹಿಡಿದಾಗ ಚಿವುಟಿದರೆ ಹೇಗೋ ಹಾಗೆ, ಯಾರೋ ಯಾರನ್ನೋ ಚಿವುಟುತ್ತಿದ್ದಂತೆ ಇತ್ತು.

ಆದರೆ ಆರು ಗಂಟೆಗೆ ಕಾಲು ತಾನಾಗಿ ಹಿಂದಿನ ಕೋಣೆಗೆ ನಡೆಯುತ್ತಿತ್ತು. ಬಾಗಿಲು ಎಷ್ಟು ಹೊತ್ತು ತೆಗೆದಿಡಬೇಕೆಂಬುದಕ್ಕೆ ಆಕೆ ಗಡಿಯಾರ ನೋಡುತ್ತಿರಲಿಲ್ಲ. ಬಾಗಿಲು ಹಿಡಿದು ಮೆಲುದನಿಯಲ್ಲಿ ಒಂದು ಪದ್ಯ ಹೇಳಿಕೊಳ್ಳುತ್ತಿದ್ದಳು. ಪದ್ಯ ಮುಗಿದರೆ ಬಾಗಿಲು ಮುಚ್ಚಿತು. ವರ್ಷಗಟ್ಟಲೆ ಕೇಳಿದ್ದರೂ ಅವರಿಗೆ ಅದರ ಒಂದು ಪದವೂ ಗೊತ್ತಿರಲಿಲ್ಲ. ಎಲ್ಲಿ ಏರುತ್ತದೆ, ಎಲ್ಲಿ ಉಸಿರಿಗೆ ನಿಲ್ಲುತ್ತದೆ, ಎಲ್ಲಿ ಇಳಿದು ಕೂರುತ್ತದೆ ಎಂಬುದಷ್ಟೇ ಗೊತ್ತು. ಅಷ್ಟು ಹೊತ್ತು ಅವರು ಸುಮ್ಮನೆ ಬಾಗಿಲು ಹಿಡಿದು ನಿಲ್ಲುತ್ತಿದ್ದರು. ತಣ್ಣನೆಯ ಗಾಳಿ ಮೊಣಕಾಲಿಗೆ ತಾಗುತ್ತಿತ್ತು.

ತೂಕದ ಪುಸ್ತಕದ ಮೊದಲ ಪುಟದಲ್ಲಿ ಆಕೆಯ ಕೈಬರಹ: ‘ಮಲಗಿದ ದಿನ ಸಾವಿರದ ಐನೂರು ಗ್ರಾಂ. ಹತ್ತನೆಯ ಒಂದು ಪಾಲು ಕರಗಿದರೆ, ಅಂದರೆ ಸಾವಿರದ ಮುನ್ನೂರೈವತ್ತಕ್ಕೆ ಬಂದರೆ, ತಕ್ಷಣ ಎಬ್ಬಿಸುವುದು. ತಡ ಮಾಡಿದರೆ ನಿದ್ದೆಯಲ್ಲೇ ಹೋಗುತ್ತೆ.’ ತಕ್ಷಣ ಎಂಬುದರ ಕೆಳಗೆ ಎರಡು ಗೆರೆ.

ಆಕೆ ಹೋದ ನಾಲ್ಕನೆಯ ಭಾನುವಾರ ಮನೆಯ ಸ್ಪ್ರಿಂಗ್ ತಕ್ಕಡಿಯ ಮುಳ್ಳು ಸಾವಿರದ ಮುನ್ನೂರ ನಲವತ್ತೈದರ ಮೇಲೆ ನಿಂತಿತು.

ಅವರು ನೋಡಿದರು. ಎಬ್ಬಿಸಿದರೆ ಸ್ನಾನ, ನೀರು, ಸೊಪ್ಪು. ಆಮೇಲೆ ದರ್ಜಿಯವಳು ಬಂದು ಎತ್ತಿಕೊಂಡು ಹೋಗುತ್ತಾಳೆ. ಆಮೇಲೆ ಆರು ಗಂಟೆಗೆ ಏನು? ಈ ಪ್ರಶ್ನೆಯನ್ನು ಅವರು ಕೇಳಿಕೊಂಡರೆಂದೂ ಹೇಳುವಂತಿಲ್ಲ. ಕೈ ಡ್ರಾಯರಿಗೆ ಹೋಯಿತು, ಸಣ್ಣ ಸ್ಕ್ರೂಡ್ರೈವರು ತೆಗೆಯಿತು. ಮುಖಫಲಕದ ಹಿಂದೆ ಸ್ಪ್ರಿಂಗನ್ನು ಹಿಡಿದಿಡುವ ಒಂದು ಸ್ಕ್ರೂ ಇರುತ್ತದೆ. ಅದನ್ನು ಕಾಲು ಸುತ್ತು ತಿರುಗಿಸಿದರೆ ತಟ್ಟೆ ಖಾಲಿಯಿದ್ದಾಗ ಮುಳ್ಳು ಸೊನ್ನೆಯಲ್ಲೇ ಸಾಧುವಿನಂತಿರುತ್ತದೆ, ಭಾರ ಬಿದ್ದಾಗ ಮುಂದಕ್ಕೋಡುತ್ತದೆ. ಸಂತೆಯ ಎಷ್ಟೋ ತಕ್ಕಡಿಗಳಲ್ಲಿ ಈ ಕಾಲು ಸುತ್ತನ್ನು ಅವರು ಹಿಂದಕ್ಕೆ ತಿರುಗಿಸಿದ್ದರು. ಈಗ ಮುಂದಕ್ಕೆ ತಿರುಗಿಸಿದರು. ಮುಳ್ಳು ಸಾವಿರದ ಮುನ್ನೂರೆಪ್ಪತ್ತು ಎಂದಿತು. ಪುಸ್ತಕದಲ್ಲಿ ಬರೆದು, ಡಬ್ಬಿಯನ್ನು ಒಳಗಿಟ್ಟರು.

ಮುಂದಿನ ವಾರ ಸಾವಿರದ ಮುನ್ನೂರರವತ್ತು. ಅದರ ಮುಂದಿನ ಭಾನುವಾರ ಸಾವಿರದ ಮುನ್ನೂರೈವತ್ತು. ಆವತ್ತು ನಾದಿನಿ ಊಟದ ಡಬ್ಬಿ ಹಿಡಿದು ಬಂದಿದ್ದಳು. ಹೆಂಡತಿಯ ತಂಗಿ, ಅಕ್ಕನ ಬಾಯಿಯೂ ತನ್ನ ಬಾಯಿಯೂ ಸೇರಿ ಈಗ ಇವಳೊಬ್ಬಳಿಗೇ ಬಂದಂತಿತ್ತು.

“ಏನ್ ಭಾವ, ಮೊನ್ನೆ ತಂದಿಟ್ಟದ್ದು ಮುಚ್ಚಳಾನೇ ತೆಗೆದಿಲ್ಲ? ಬೀಗರು ನಿದ್ದೇಲಿದಾರೆ, ಊಟ ಬೇಡ. ನೀವು ಎದ್ದಿದೀರಲ್ಲ?”

“ತಿಂತೀನಿ.”

“ತಿಂತೀನಿ ಅನ್ನೋ ಮಾತಿಗೇ ಹೊಟ್ಟೆ ತುಂಬೋ ಹಾಗಿದ್ರೆ ನಾನ್ಯಾಕೆ ಒಲೆ ಹಚ್ಚಲಿ?” ಎನ್ನುತ್ತ ಅವಳು ಪುಸ್ತಕ ತಿರುವಿದಳು. “ಐವತ್ತಕ್ಕೆ ಬಂತಲ್ಲ. ಎಬ್ಬಿಸಲ್ವಾ?”

“ಇನ್ನೊಂದು ವಾರ ನೋಡೋಣ.”

“ನೋಡೋದೇನು ಭಾವ, ಅಕ್ಕ ಎರಡು ಗೆರೆ ಎಳೆದಿದಾಳೆ. ದರ್ಜಿಯವಳಿಗೆ ಫೋನ್ ಮಾಡ್ತೀನಿ, ನಾಳೆ ಬರಲಿ. ಕೊಟ್ಟ ಮಾತು ಅಕ್ಕಂದು, ನಿಮ್ಮದಲ್ಲ, ನಂದೂ ಅಲ್ಲ.”

ಮರುದಿನ ಬೆಳಿಗ್ಗೆ ಹತ್ತಕ್ಕೆ ದರ್ಜಿಯವಳು ಬಂದಳು. ಐವತ್ತರ ಸುಮಾರು, ಕುತ್ತಿಗೆಯಲ್ಲಿ ಅಳತೆಯ ಟೇಪು ಹಾಗೇ ಇತ್ತು. ಬಾಗಿಲಲ್ಲೇ ನಿಂತು, “ವಿಷಯ ನಿನ್ನೇನೇ ಗೊತ್ತಾಗಿದ್ದು. ಏನು ಹೇಳೋದು ಗೊತ್ತಾಗಲ್ಲ” ಎಂದಳು. ತಕ್ಕಡಿಯವರು ತಲೆಯಾಡಿಸಿ ಡಬ್ಬಿ ತಂದು ಮೇಜಿನ ಮೇಲಿಟ್ಟರು. ಅವಳು ಕಾಗದ ಸರಿಸಿ, ಆಮೆಯನ್ನು ಎರಡೂ ಕೈಯಲ್ಲಿ ಎತ್ತಿ ಒಂದು ಗಳಿಗೆ ಹಾಗೇ ಹಿಡಿದಳು.

“ಬಹಳ ಇಳಿದಿದೆ.”

“ನಿದ್ದೇಲಿ ಇಳಿಯುತ್ತೆ,” ಎಂದಳು ನಾದಿನಿ. “ಲೆಕ್ಕದ ಪ್ರಕಾರವೇ ಇದೆ ಕಣಮ್ಮ. ಪುಸ್ತಕ ನೋಡು.”

“ಅಲ್ಲಕ್ಕ, ಆವತ್ತು ಇವರ ಮನೆಯವರು ಕೈಗೆ ಕೊಟ್ಟಿದ್ರಲ್ಲ, ಆ ಭಾರ ಕೈಯಲ್ಲಿದೆ. ಇದು ಜಾಸ್ತೀನೇ ಇಳಿದಿದೆ.”

ತಕ್ಕಡಿಯವರು ಆಮೆಯನ್ನು ತೆಗೆದುಕೊಂಡು ತಟ್ಟೆಯ ಮೇಲಿಟ್ಟರು. ಮುಳ್ಳು ನಡುಗಿ ಸಾವಿರದ ಮುನ್ನೂರೈವತ್ತಕ್ಕೆ ನಿಂತಿತು. ದರ್ಜಿಯವಳು ಬಗ್ಗಿ ನೋಡಿದಳು. ಮುಖ ಸಣ್ಣದಾಯಿತು.

“ಹಾಗಾದ್ರೆ ನನ್ನ ಕೈದೇ ತಪ್ಪು ಬಿಡಿ. ತಕ್ಕಡಿ ಸುಳ್ಳು ಹೇಳುತ್ತಾ? ಅದೂ ನಿಮ್ಮನೆ ತಕ್ಕಡಿ.”

ನಲವತ್ತು ವರ್ಷದಲ್ಲಿ ಈ ಮಾತನ್ನು ಅವರು ಎಷ್ಟು ಸಲ ಕೇಳಿದ್ದರೋ. ಸಂತೆಯಲ್ಲಿ ಚೀಲ ಹಿಡಿದ ಹೆಂಗಸರು, ಕೈಗೆ ಗೊತ್ತಾದದ್ದನ್ನು ಮುಳ್ಳು ಇಲ್ಲವೆಂದಾಗ, ಹೀಗೆಯೇ ಮುಖ ಸಣ್ಣದು ಮಾಡಿಕೊಂಡು ತಮ್ಮ ಕೈಯನ್ನೇ ದೂರಿಕೊಂಡು ಹೋಗುತ್ತಿದ್ದರು. ಆ ವ್ಯಾಪಾರಿಗಳು ಆಗ ಎತ್ತ ನೋಡುತ್ತಿದ್ದರು ಎಂಬುದು ಅವರಿಗೆ ನೆನಪಿತ್ತು. ತಾವೂ ಈಗ ಅತ್ತಲೇ ನೋಡುತ್ತಿದ್ದರು, ಬೀದಿಯ ಕಡೆ.

ಅವರು ಡ್ರಾಯರೆಳೆದು ಹಿತ್ತಾಳೆಯ ಒಂದು ಕಿಲೋ ತೂಕದ ಬಟ್ಟನ್ನು ತೆಗೆದರು. ಆಮೆಯನ್ನು ಡಬ್ಬಿಗಿಳಿಸಿ, ಬಟ್ಟನ್ನು ತಟ್ಟೆಯ ಮೇಲಿಟ್ಟರು. ಮುಳ್ಳು ಸಾವಿರವನ್ನು ದಾಟಿ ಇಪ್ಪತ್ತು ಗ್ರಾಂ ಮುಂದೆ ಹೋಗಿ ನಿಂತಿತು.

“ನಿಮ್ಮ ಕೈ ಸರಿಯಾಗಿದೆ,” ಎಂದರು. “ಇದು ಸುಳ್ಳು. ನಾನೇ ತಿರುಗಿಸಿದ್ದು. ಎರಡು ವಾರ ಆಯ್ತು.”

ನಾದಿನಿ ಹತ್ತಿರ ಬಂದು ಮುಳ್ಳನ್ನು ಬಗ್ಗಿ ನೋಡಿದಳು. ಆಮೇಲೆ ಮೆಲ್ಲಗೆ, “ಯಾಕ್ ಭಾವ?” ಎಂದಳು.

ಅವರು ಸ್ಕ್ರೂ ಹಿಂದಕ್ಕೆ ತಿರುಗಿಸುತ್ತಿದ್ದರು. “ದಿನಾ ಆರಕ್ಕೆ ಬಾಗಿಲು ತೆಗೀಬೇಕಿತ್ತು,” ಎಂದರು. ದರ್ಜಿಯವಳು ಅಳತೆಯ ಟೇಪನ್ನು ಬೆರಳಿಗೆ ಸುತ್ತಿಕೊಂಡಳು, ಬಿಚ್ಚಿದಳು.

ಡಬ್ಬಿಯನ್ನು ಕೋಣೆಯ ಬೆಚ್ಚಗಿನ ಮೂಲೆಯಲ್ಲಿಟ್ಟು ಕಾದರು. ಮಧ್ಯಾಹ್ನವಾಯಿತು. ದರ್ಜಿಯವಳು ಅಂಗಡಿಗೆ ಫೋನ್ ಮಾಡಿ ಇವತ್ತು ಬರುವುದಿಲ್ಲವೆಂದಳು. ನಾದಿನಿ ಡಬ್ಬಿಯ ಮುಂದೆ ಕೂತು, “ಏಳಿ ಬೀಗರೇ, ಸಾಕು ಬಿಗುಮಾನ” ಎಂದು ಒಂದೆರಡು ಸಲ ಕರೆದು, ಮೂಗು ಒರೆಸಿಕೊಂಡಳು. ಎರಡೂವರೆಗೆ ಹಿಂಗಾಲೊಂದು ಚೂರು ಹೊರಬಂತು. ಇನ್ನೊಂದು ಬರಲಿಲ್ಲ.

ತಕ್ಕಡಿಯವರು ಉಗುರುಬೆಚ್ಚಗಿನ ನೀರು ತಂದು, ಮೊಣಕೈ ಅದ್ದಿ ನೋಡಿ, ತಗ್ಗಿನ ಬೋಗುಣಿಗೆ ಆಮೆಯ ಗಲ್ಲದ ಮಟ್ಟಕ್ಕೆ ಹೊಯ್ದು ಅದನ್ನು ಇಳಿಸಿದರು. ಕಣ್ಣು ಅಂಟಿಕೊಂಡಿತ್ತು. ತಲೆ ನೀರಿನ ಮೇಲೆ ಯಾರದೋ ಬೆರಳಿನಂತೆ ಬಿದ್ದಿತ್ತು. ನೀರು ಆರಿತು, ಬದಲಿಸಿದರು. ಮತ್ತೆ ಆರಿತು, ಮತ್ತೆ ಬದಲಿಸಿದರು. ಅವರಿಗೆ ಹೆದರಿಕೆಯಾಗಬೇಕಿತ್ತು. ಆಗಲಿಲ್ಲ. ಮೂರನೆಯ ನೀರಿನಲ್ಲಿ ಕತ್ತಿನ ಕೆಳಗಿನ ಸಡಿಲ ಚರ್ಮ ಒಮ್ಮೆ ಉಬ್ಬಿ ಇಳಿಯಿತು. ತಡೆದು, ಇನ್ನೊಮ್ಮೆ.

“ಕುಡೀತಿದೆ,” ಎಂದಳು ದರ್ಜಿಯವಳು, ಗಟ್ಟಿಯಾಗಿ ಹೇಳಿದರೆ ನಿಲ್ಲಿಸಿಬಿಡುತ್ತದೇನೋ ಎಂಬಂತೆ.

ಬಹಳ ಹೊತ್ತು ಕುಡಿಯಿತು. ಒರೆಸಿ ತೂಗಿದಾಗ ಸಾವಿರದ ಮುನ್ನೂರೆಂಬತ್ತು, ನಿಜವಾದದ್ದು. ಅವರು ಪುಸ್ತಕ ತೆರೆದು ತಮ್ಮ ಕೈಬರಹದ ಮೂರು ಅಂಕಿಗಳನ್ನು ಹೊಡೆದುಹಾಕಿ, ಪಕ್ಕದಲ್ಲಿ ನಲವತ್ತೈದು, ಮೂವತ್ತೈದು, ಇಪ್ಪತ್ತೈದು ಎಂದು ಸರಿಯಾದದ್ದನ್ನು ಬರೆದರು. ಕೆಳಗೆ ಇವತ್ತಿನದು.

“ಈಗಲೇ ಕೊಡೋದಕ್ಕಾಗಲ್ಲ,” ಎಂದರು ದರ್ಜಿಯವಳಿಗೆ. “ತಾನಾಗಿ ತಿನ್ನೋದಕ್ಕೆ ಹತ್ತು ದಿನ ಬೇಕು. ಆಮೇಲೆ ಕೊಡ್ತೀನಿ. ನಿಮಗೆ ನಂಬಿಕೆ ಇದ್ರೆ.”

“ದಿನಾ ಸಂಜೆ ಬಂದು ಕೈಯಲ್ಲಿ ಹಿಡಿದು ನೋಡ್ತೀನಿ,” ಎಂದಳು ಅವಳು. ಬೈದದ್ದೋ ಸಮಾಧಾನವೋ ಅವರಿಗೆ ತಿಳಿಯಲಿಲ್ಲ. ಚಪ್ಪಲಿ ಮೆಟ್ಟುವಾಗ ಅವಳು ತಿರುಗಿ, “ನನ್ನ ನಂತರ ಮಗಳು. ಆವತ್ತೇ ಹೇಳಿದ್ದೆ ಅವರಿಗೆ,” ಎಂದು ಹೋದಳು.

ನಾದಿನಿ ಅನ್ನಕ್ಕಿಟ್ಟು ಬಂದಾಗ ಆರಾಗಿತ್ತು. ಭಾವ ಹಿಂದಿನ ಕೋಣೆಯಲ್ಲಿ ಫ್ರಿಜ್ಜಿನ ಬಾಗಿಲು ಹಿಡಿದು ನಿಂತಿದ್ದರು. ಒಳಗೆ ಥರ್ಮಾಮೀಟರು ಮಾತ್ರ ಇತ್ತು.

“ಭಾವ, ಅದರಲ್ಲಿ ಯಾರೂ ಇಲ್ಲ.”

“ಗೊತ್ತು.”

ಅವಳು ಹತ್ತಿರ ಬಂದು ನಿಂತಳು. ಅವರು ಇನ್ನೂ ಮುಚ್ಚಲಿಲ್ಲ. ಆಕೆಯ ಪದ್ಯದಲ್ಲಿ ಉಸಿರಿಗೆ ನಿಲ್ಲುವ ಜಾಗ ಬಂದಿತ್ತು, ಇಳಿದು ಕೂರುವುದು ಬಾಕಿಯಿತ್ತು. ಅಷ್ಟೂ ಆದಮೇಲೆ ಪ್ಲಗ್ಗು ಕಿತ್ತರು. ಬಾಗಿಲು ತೆರೆದೇ ಬಿಟ್ಟು, ಅವಳ ಹಿಂದೆ ಊಟಕ್ಕೆ ಹೋದರು.