ಗುನ್‌ವೋರಳ ಸಮನಡಿಗೆ

ಗುನ್‌ವೋರಳನ್ನು ದೂರದಿಂದ ಗುರುತಿಸಲು ಮುಖ ಕಾಣಬೇಕಿಲ್ಲ, ನಡಿಗೆ ಸಾಕು. ಉತ್ತರ ಧ್ರುವದ ಬಳಿಯ ನಮ್ಮ ಸ್ವಾಲ್ಬಾರ್ಡ್ ದ್ವೀಪಗಳ ಹಿಮನದಿಗಳ ಮೇಲೆ ಅರ್ಧ ಆಯುಷ್ಯ ರೇಡಾರ್ ಎಳೆದವಳು ಆಕೆ. ನೆಲದಾಳಕ್ಕೆ ಅಲೆಗಳನ್ನು ಕಳಿಸಿ, ಮರಳಿ ಬಂದ ಅಲೆಗಳಿಂದ ಒಳಗಿನ ಬಂಡೆ, ಮಂಜುಗಡ್ಡೆಗಳ ಚಿತ್ರ ಬರೆಯುವ ಆ ಯಂತ್ರ, ಎಳೆಯುವವರ ಹೆಜ್ಜೆ ಏರುಪೇರಾದರೆ ಮುನಿಸಿಕೊಳ್ಳುತ್ತದೆ. ಹೀಗಾಗಿ ಗಾಳಿಗೂ ಇಳಿಜಾರಿಗೂ ಜಗ್ಗದ ಸಮಲಯಕ್ಕೆ ಪಳಗಿದ ಆಕೆಯ ಕಾಲು, ಅಂಗಡಿಯಿಂದ ಹಾಲು ತರುವಾಗಲೂ ಬೆನ್ನಹಿಂದೆ ಏನನ್ನೋ ಎಳೆಯುತ್ತಿರುವಂತೆಯೇ ನಡೆಯುತ್ತದೆ. ಮೋಟಾರು ಬಂಡಿ ಕೊಡುತ್ತೇವೆಂದರೆ, ಅದರ ಗದ್ದಲದಲ್ಲಿ ನೆಲದ ಮಾತು ಕೇಳಿಸದೆಂದು ಗೊಣಗುತ್ತಾಳೆ. ಮೊಣಕೈಗೆ ತೇಪೆ ಹಾಕಿದ ಅದೇ ಕೆಂಪು ಕೋಟು, ಜೇಬಿನಲ್ಲಿ ಅದೇ ಕಂದು ಚೀಸಿನ ಬ್ರೆಡ್ಡು. ಹಠಮಾರಿಯೆಂದರೆ ಹಠಮಾರಿ!

ಆಕೆಯ ಹಿಂದೆ ಸದಾ ಸಹಾಯಕ ಓಸ್ಮುಂಡ್. ಹಿಮಕರಡಿಯ ಭಯಕ್ಕೆ ಹೆಗಲಲ್ಲಿ ಬಂದೂಕು, ಒಲೆ ಡೇರೆಗಳನ್ನು ತುಂಬಿದ ತಗಡಿನ ಪೆಟ್ಟಿಗೆಯ ಜಾರುಬಂಡಿ ಸೊಂಟಕ್ಕೆ. ಅವನ ತಮ್ಮ ಹಿಂದಿನ ಚಳಿಗಾಲದಲ್ಲಿ ಕಣಿವೆಯ ಬಾಯಲ್ಲಿ ಹಿಮಬಿರುಗಾಳಿಗೆ ಸಿಕ್ಕಿ, ಒಂದು ಸೂರಿನ ಆಸರೆಯಿಲ್ಲದೆ ಸತ್ತುಹೋಗಿದ್ದ. ಅಲ್ಲೇ, ಹಿಮನದಿ ಹಿಂದೆ ಸರಿಯುವಾಗ ಬಿಟ್ಟುಹೋದ ಕಲ್ಲುದಿಬ್ಬದ ಮೇಲೆ, ತಮ್ಮನ ಹೆಸರಲ್ಲಿ ದಾರಿಹೋಕರಿಗೊಂದು ಮರದ ಮನೆ ಕಟ್ಟಲು ಓಸ್ಮುಂಡ್ ಊರನ್ನೆಲ್ಲ ಒಪ್ಪಿಸಿದ್ದ. ದಿಬ್ಬದೊಳಗೆ ಬಂಡೆಯಿದ್ದರೆ ಸರಿ. ಹಳೆಯ ಮಂಜುಗಡ್ಡೆ ಅಡಗಿದ್ದರೆ, ಅದು ಕರಗಿದ ದಿನ ಮನೆ ಒಳಗಿದ್ದವರ ಸಮೇತ ಕುಸಿಯುತ್ತದೆ.

ಅದನ್ನು ತಿಳಿಯಲು ಗುನ್‌ವೋರ್ ದಿಬ್ಬದ ಮೇಲೆ ರೇಡಾರ್ ಎಳೆದಳು. ಚಿತ್ರದಲ್ಲಿ ದಿಬ್ಬದ ಉದ್ದಕ್ಕೂ ದಟ್ಟವಾದ ನೇರ ಗೆರೆಯೊಂದು ಮೂಡಿತು. ಬಂಡೆ! ಓಸ್ಮುಂಡ್ ಮರದ ಹಲಗೆಗಳನ್ನು ತರಿಸಲು ಹೇಳಿಯೂಬಿಟ್ಟ. ಗುನ್‌ವೋರಳಿಗೆ ಮಾತ್ರ ಊಟ ರುಚಿಸಲಿಲ್ಲ. ಅಷ್ಟು ನೆಟ್ಟಗಿನ ಗೆರೆಯನ್ನು ಯಾವ ಹಿಮನದಿ ಎಳೆದೀತು? ಮತ್ತೆ ಹೋದಾಗ, ಒಮ್ಮೆ ಹತ್ತಿರ ಬಾ, ಒಮ್ಮೆ ದೂರ ಸರಿ ಎಂದು ಓಸ್ಮುಂಡನಿಗೆ ಹೇಳಿದಳು. ಸಂಜೆ ಪರದೆಯಲ್ಲಿ ನೋಡಿದರೆ ಗೆರೆಯೂ ಅವನು ಹತ್ತಿರ ಬಂದಾಗ ಏರಿ, ದೂರ ಸರಿದಾಗ ಇಳಿದಿತ್ತು. ಆಕೆಯ ಸಮನಡಿಗೆಗೆ ಹೆಜ್ಜೆ ಕೂಡಿಸಿ, ಅಂತರ ತಪ್ಪದೆ ಹಿಂಬಾಲಿಸಿದ್ದ ತಗಡಿನ ಪೆಟ್ಟಿಗೆಯೇ ಅಲೆಗಳನ್ನು ಮರಳಿಸಿ ಬಂಡೆಯ ವೇಷ ಹಾಕಿತ್ತು. ಆ ಹುಸಿ ಗೆರೆ ಬಿಟ್ಟು ನೋಡಿದರೆ ದಿಬ್ಬದೊಳಗೆಲ್ಲ ಮಂಜುಗಡ್ಡೆ.

ಆಕೆ ನೇರವಾಗಿ ಅವನ ಮನೆಗೆ ಹೋದಳು. ನಮ್ಮ ಪದ್ಧತಿಯಂತೆ ಬೂಟು ಬಾಗಿಲಲ್ಲೇ ಕಳಚಿ, ತೂತುಬಿದ್ದ ಉಣ್ಣೆಯ ಕಾಲುಚೀಲದಲ್ಲಿ ಅಡುಗೆಮನೆಯಲ್ಲಿ ನಿಂತಳು.

"ಅದು ಬಂಡೆ ಅಲ್ಲ ಮಾರಾಯ. ಅದು ನೀನು."

ಅವನು ಕಾಫಿಯ ಲೋಟ ಪಕ್ಕಕ್ಕೆ ಸರಿಸಿದ.

"ನೀನು ಸುಮ್ನಿದ್ದಿದ್ರೆ ಯಾರಿಗೂ ಗೊತ್ತಾಗ್ತಿರ್ಲಿಲ್ಲ."

"ನಿನ್ನ ತಮ್ಮನ ಹೆಸರಿನ ಮನೇಲಿ ಇನ್ನೊಬ್ರು ಸಾಯೋದು ಬೇಡ."

ಕೊನೆಗೆ ಅವನು, ಕಣಿವೆಯ ಆಚೆ ಬದಿ ನೋಡೋಣ, ಈ ಸಲ ನಾನು ದೂರವೇ ಇರುತ್ತೇನೆ ಎಂದ.

"ಹತ್ರಾನೇ ಇರು. ನನ್ನ ಹೆಜ್ಜೆಗೆ ಹೆಜ್ಜೆ ಮಾತ್ರ ಕೂಡಿಸ್ಬೇಡ."

ಆ ಮನೆ ಈಗ ಆಚೆ ಬದಿಯ ಗಟ್ಟಿ ಬಂಡೆಯ ಮೇಲಿದೆ. ಬಿರುಗಾಳಿಯಲ್ಲಿ ಅಲ್ಲಿ ಒಲೆ ಹಚ್ಚಿ ಕೂತವರಿಗೆಲ್ಲ ಗುನ್‌ವೋರ್ ಯಾರೆಂದು ಗೊತ್ತಿರಲಿಕ್ಕಿಲ್ಲ. ತಾವೇ ಹಂಬಲಿಸಿದ ಉತ್ತರ ಕೈಗೆ ಸಿಕ್ಕಾಗ ಹಿಗ್ಗದೆ, ಬೂಟು ಬಿಗಿದು ಮತ್ತೊಮ್ಮೆ ಅದೇ ದಾರಿ ನಡೆಯುವ ಇಂಥ ಹಠಮಾರಿಗಳನ್ನು ಊರು ನೆನೆಯುವುದು ಕಡಿಮೆ. ಆದರೆ ಅವರು ಹೂಂ ಅಂದ ನೆಲದ ಮೇಲೆ ನಾವು ನಿಶ್ಚಿಂತೆಯಿಂದ ಮಲಗುತ್ತೇವೆ.